ರೈಲಿನ ಮೇಲೆ ಮಂಜುಗಡ್ಡೆ, ಅದರ ಮೇಲೆ ಮರ!

ಐದನೇ ಮಹಡಿಯಲ್ಲಿ ಮಂಜುಗಡ್ಡೆಯ ಅಂಗಳ! ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ನಿನಲ್ಲಿ, ಬೀದಿಯಿಂದ ಅಷ್ಟೆತ್ತರದಲ್ಲಿ, ಐಸ್ ಹಾಕಿ ಆಡುತ್ತಾರೆ. ಅದರಡಿ ಏನಿದೆ ಅಂತೀರಿ? ಪೆನ್ ಸ್ಟೇಷನ್! ದಿನಕ್ಕೆ ಲಕ್ಷಗಟ್ಟಲೆ ಜನ ಹತ್ತಿಳಿಯುವ ರೈಲುಗಳು ನೆಲದಾಳದಲ್ಲಿ ದಡದಡ ಓಡುತ್ತಿದ್ದರೆ, ಮೇಲೆ 18,000ಕ್ಕೂ ಮಿಕ್ಕ ಪ್ರೇಕ್ಷಕರು ಕೇಕೆ ಹಾಕುತ್ತಿರುತ್ತಾರೆ. ಇದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಆ ಹೆಸರು ಹೊತ್ತ ನಾಲ್ಕನೆಯ ಕಟ್ಟಡವಿದು, ಬಾಗಿಲು ತೆರೆದದ್ದು 1968ರ ಫೆಬ್ರವರಿಯಲ್ಲಿ.

ಇಲ್ಲಿ ಮಧ್ಯಾಹ್ನ ರೇಂಜರ್ಸ್ ತಂಡದ ಹಾಕಿ, ಅದೇ ರಾತ್ರಿ ನಿಕ್ಸ್ ತಂಡದ ಬ್ಯಾಸ್ಕೆಟ್‌ಬಾಲ್ ಇರುವ ದಿನಗಳೂ ಉಂಟು. ನಡುವಿನ ಆ ನಾಲ್ಕಾರು ಗಂಟೆಗಳಲ್ಲಿ ಮಂಜುಗಡ್ಡೆಯನ್ನು ಕರಗಿಸುತ್ತಾರೆಯೇ? ಊಹೂಂ, ಮುಟ್ಟುವುದೇ ಇಲ್ಲ! ಗೋಲುಗಳನ್ನು ಎತ್ತಿಡುತ್ತಾರೆ, ಸುತ್ತಲ ಗಾಜಿನ ಹಲಗೆಗಳನ್ನು ಕಳಚುತ್ತಾರೆ, ಶೀತ ತಡೆಯುವ ಹೊದಿಕೆಯನ್ನು ಮಂಜುಗಡ್ಡೆಯ ಮೇಲೇ ಹಾಸುತ್ತಾರೆ. ಅದರ ಮೇಲೆ ಮರದ ಅಂಗಳವನ್ನು ತುಂಡುತುಂಡಾಗಿ ತಂದು, ಒಂದಕ್ಕೊಂದು ಕೂಡಿಸಿ ಬಿಗಿಯುತ್ತಾರೆ. ಆಟಗಾರರು ಬೆವರು ಸುರಿಸುತ್ತಾ ಜಿಗಿಯುವಾಗ ಅವರ ಬೂಟಿನಡಿ ಮಂಜುಗಡ್ಡೆ ತಣ್ಣಗೆ ಮಲಗಿರುತ್ತದೆ! ಹಾಕಿ ಋತು ಮುಗಿಯುವವರೆಗೂ ಅದು ಅಲ್ಲೇ.

ಈಗ ಮೇಲೆ ನೋಡಿ. ಅಷ್ಟಗಲದ ಸಭಾಂಗಣಕ್ಕೆ ನಡುವೆ ಒಂದೇ ಒಂದು ಕಂಬವಿಲ್ಲ! ಹೊರಸುತ್ತಿನ ಉಂಗುರದಿಂದ ನಡುವಿನ ಉಂಗುರಕ್ಕೆ ಉಕ್ಕಿನ ಹಗ್ಗಗಳನ್ನು ಎಳೆದು ಕಟ್ಟಿದ್ದಾರೆ. ಅಡ್ಡ ಮಲಗಿಸಿದ ಸೈಕಲ್ ಚಕ್ರದ ಕಡ್ಡಿಗಳ ಹಾಗೆ. ಚಾವಣಿ ನಿಂತಿರುವುದೇ ಆ ಬಿಗಿತದ ಮೇಲೆ.

ಇಲ್ಲಿಗೆ ಆನೆಗಳೂ ಬಂದಿವೆ! ರಿಂಗ್ಲಿಂಗ್ ಬ್ರದರ್ಸ್ ಸರ್ಕಸ್ಸಿನ ಆನೆಗಳು ನಡುರಾತ್ರಿ, ಒಂದರ ಬಾಲವನ್ನು ಇನ್ನೊಂದು ಸೊಂಡಿಲಲ್ಲಿ ಹಿಡಿದು, ಕ್ವೀನ್ಸ್ ಕಡೆಯಿಂದ ನದಿಯಡಿಯ ಸುರಂಗದಲ್ಲಿ ನಡೆದುಬರುತ್ತಿದ್ದವು. ಅದನ್ನು ನೋಡಲೆಂದೇ ಜನ ನಿದ್ದೆಗೆಟ್ಟು ಬೀದಿಯಲ್ಲಿ ನಿಲ್ಲುತ್ತಿದ್ದರು. (ಆನೆಗಳ ಪಾಡು ಬೇರೆಯೇ ಕಥೆ, 2016ರಲ್ಲಿ ಆ ಸರ್ಕಸ್ಸು ಅವನ್ನು ಆಟದಿಂದ ಬಿಡಿಸಿತು.)

ಇನ್ನು 1971! ಮಾರ್ಚ್ 8ರಂದು ಅಲ್ಲಿಯವರೆಗೆ ಸೋಲೇ ಕಾಣದ ಇಬ್ಬರು ಬಾಕ್ಸರ್‌ಗಳು, ಮುಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್, 15 ಸುತ್ತು ಗುದ್ದಾಡಿದರು, ಗೆದ್ದವನು ಫ್ರೇಜಿಯರ್. ಆಗಸ್ಟ್ 1ರಂದು ಅದೇ ಜಾಗದಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಗಾಯಕ ಜಾರ್ಜ್ ಹ್ಯಾರಿಸನ್ ಜೊತೆಗೂಡಿ ಪಂಡಿತ್ ರವಿಶಂಕರ್ ಏರ್ಪಡಿಸಿದ ಸಂಗೀತ! ಅಲಿ ಅಕ್ಬರ್ ಖಾನರ ಸರೋದ್, ಅಲ್ಲಾರಖಾ ಅವರ ತಬಲಾ. ಶ್ರುತಿ ಕೂಡಿಸಿ ಮುಗಿಸುತ್ತಲೇ ಸಭೆಯಿಂದ ಚಪ್ಪಾಳೆಯೋ ಚಪ್ಪಾಳೆ! ಶ್ರುತಿಯೇ ಇಷ್ಟು ಹಿಡಿಸಿದರೆ ವಾದನ ಇನ್ನೂ ಹಿಡಿಸೀತು ಎಂದು ರವಿಶಂಕರ್ ನಯವಾಗಿ ಕಿಚಾಯಿಸಿದರು.

ಈ ಸೊಬಗಿಗೆ ತೆತ್ತ ಬೆಲೆಯೂ ಸಣ್ಣದಲ್ಲ. 1910ರಲ್ಲಿ ತೆರೆದ ಪೆನ್ ಸ್ಟೇಷನ್ನಿನ ನೆಲದ ಮೇಲಣ ಭವ್ಯ ಕಟ್ಟಡವನ್ನು 1963ರಿಂದ ಕೆಡವಿಯೇ ಇದಕ್ಕೆ ಜಾಗ ಮಾಡಿದ್ದು. ಊರು ಸಿಟ್ಟಾಯಿತು, 1965ರಲ್ಲಿ ಹಳೆಯ ಕಟ್ಟಡಗಳನ್ನು ಕಾಯುವ ಕಾನೂನೇ ಬಂತು. ಕೆಳಗಿನ ಇಕ್ಕಟ್ಟಿನ ನಿಲ್ದಾಣಕ್ಕೆ ಜಾಗ ಬೇಕು, ಗಾರ್ಡನ್ ಬೇರೆಡೆ ಹೋಗಲಿ ಎಂಬ ವಾದ ಇನ್ನೂ ನಿಂತಿಲ್ಲ. 2023ರಲ್ಲಿ ನಗರ ಮಂಡಳಿ ಗಾರ್ಡನ್ನಿಗೆ ಅಲ್ಲೇ ಮುಂದುವರಿಯಲು ಪರವಾನಗಿ ಕೊಟ್ಟದ್ದು ಬರೀ ಐದು ವರ್ಷಕ್ಕೆ!