ಒಂದು ಡ್ರಮ್ಮು ಜೀವಾಮೃತದ ಲೆಕ್ಕ

ಬಿ.ಕಾಂ. ಓದುವವನಿಗೆ ಬೇಸಾಯದ ಉಸಾಬರಿ ಯಾಕಯ್ಯಾ ಎಂದು ಸಂಘದ ಗೆಳೆಯರು ಕೇಳಬಹುದು. ನಮ್ಮ ಪಠ್ಯದಲ್ಲಿ 'ರಿಸರ್ಚ್ ಅಂಡ್ ಡೆವಲಪ್‌ಮೆಂಟ್' ಎಂಬ ಪಾಠವೊಂದಿದೆ. ಅದರಲ್ಲಿ ಬರುವ ಉದಾಹರಣೆಗಳೆಲ್ಲ ಸೋಪು, ಮೋಟಾರು, ಔಷಧಿ ಕಂಪನಿಗಳವು. ಹೊಲದ ಸುದ್ದಿಯೇ ಇಲ್ಲ. ಬಿತ್ತನೆ ಬೀಜ, ಗೊಬ್ಬರ, ಕೀಟದ ಮದ್ದು ಇವೂ ಯಾರೋ ಎಲ್ಲೋ ಪರೀಕ್ಷೆ ಮಾಡಿ ತಯಾರಿಸಿದ ಸರಕುಗಳೇ ತಾನೆ? ಅದರಲ್ಲೂ ಮಣ್ಣನ್ನು ಕೆಡಿಸದೆ ಮಕ್ಕಳ ಕಾಲಕ್ಕೂ ಉಳಿಯುವಂಥ ಬೇಸಾಯ, ಅಂದರೆ ಸುಸ್ಥಿರ ಬೇಸಾಯಕ್ಕೆ ಬೇಕಾದ ಸರಕನ್ನು ಯಾರು, ಯಾರ ದುಡ್ಡಿನಲ್ಲಿ ಪರೀಕ್ಷಿಸಬೇಕು? ಇದು ನನಗೆ ಲೆಕ್ಕಶಾಸ್ತ್ರದ ಪ್ರಶ್ನೆಯಾಗಿಯೇ ಕಂಡಿದೆ.

ವಿಶಾಖಪಟ್ಟಣದಲ್ಲಿ ನನ್ನ ಸೋದರಮಾವ ಇರುವುದು ಎಂವಿಪಿ ಕಾಲೋನಿಯಲ್ಲಿ. ಎಂವಿಪಿ ಅಂದರೆ ಮುವ್ವಲವಾನಿಪಾಲೆಂ. (ನಮ್ಮ ಮ್ಯಾನೇಜ್‌ಮೆಂಟ್ ಪುಸ್ತಕದಲ್ಲಿ ಇದೇ ಮೂರಕ್ಷರಕ್ಕೆ 'ಮಿನಿಮಮ್ ವಯಬಲ್ ಪ್ರಾಡಕ್ಟ್' ಎಂಬ ಅರ್ಥ, ಜನ ಏನನ್ನುತ್ತಾರೆ ನೋಡೋಣ ಎಂದು ಮೊದಲು ಹೊರಗೆ ಬಿಡುವ ಅರೆಬರೆ ಸರಕು.) ಅಲ್ಲೊಂದು ರೈತು ಬಜಾರ್ ಇದೆ. ದಲ್ಲಾಳಿಯಿಲ್ಲದೆ ರೈತರೇ ಮಾರುವ ಈ ಬಜಾರುಗಳನ್ನು ಆಂಧ್ರದ ಸರ್ಕಾರ 1999ರ ಜನವರಿಯಲ್ಲಿ ಶುರುಮಾಡಿತು. ದಿನದ ಬೆಲೆಯನ್ನು ಬೋರ್ಡಿನ ಮೇಲೆ ಬರೆದಿರುತ್ತಾರೆ. ರಜೆಯಲ್ಲಿ ಅಲ್ಲಿಗೆ ತರಕಾರಿಗೆ ಹೋದಾಗ ಒಬ್ಬಾಕೆ ತನ್ನ ಬೆಂಡೆಕಾಯಿಗೆ 'ಮಂದು' ಹೊಡೆದಿಲ್ಲ ಅಂದಳು. ಮಂದು ಅಂದರೆ ನಮ್ಮ ಮದ್ದೇ. ಹಾಗಾದರೆ ಹಾಕಿದ್ದೇನು ಅಂದರೆ, ಜೀವಾಮೃತ. ಪಕ್ಕದ ಬುಟ್ಟಿಯ ಬೆಂಡೆಯೂ ನೋಡಲು ಇದರ ಹಾಗೇ ಇತ್ತು. ಬೋರ್ಡಿನ ಮೇಲೆ ಎರಡಕ್ಕೂ ಒಂದೇ ಬೆಲೆ. ಇದರಿಂದ ಆಕೆಗೆ ಲಾಭವೋ ನಷ್ಟವೋ?

ಜೀವಾಮೃತ ಎಂಬುದು ನಮಗೇನೂ ಹೊಸದಲ್ಲ. ವಿದರ್ಭದ ಸುಭಾಷ್ ಪಾಳೇಕರ್ ಅವರ 'ಶೂನ್ಯ ಬಂಡವಾಳ ಕೃಷಿ' 2000ದ ದಶಕದ ಆರಂಭದಲ್ಲಿ ರೈತ ಸಂಘದ ಶಿಬಿರಗಳ ಮೂಲಕ ಕರ್ನಾಟಕದ ಹಳ್ಳಿಗಳಲ್ಲಿ ಹಬ್ಬಿತು. ಆಂಧ್ರದಲ್ಲಿ 2016ರಿಂದ ಸರ್ಕಾರದ 'ರೈತು ಸಾಧಿಕಾರ ಸಂಸ್ಥೆ'ಯೇ ಅದನ್ನು ಕೈಗೆತ್ತಿಕೊಂಡು ಮುಂದೆ 'ಸಮುದಾಯ ನಿರ್ವಹಣೆಯ ಪ್ರಾಕೃತಿಕ ಬೇಸಾಯ' ಎಂದು ಹೆಸರು ಬದಲಿಸಿತು. ಆ ಕೆಲಸಕ್ಕೆ 2024ರಲ್ಲಿ ಪೋರ್ಚುಗಲ್ಲಿನ ಗುಲ್ಬೆಂಕಿಯನ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಪ್ರಶಸ್ತಿ ಇರಲಿ, ಡ್ರಮ್ಮಿನೊಳಗೆ ಏನಿದೆ ನೋಡೋಣ.

200 ಲೀಟರ್ ನೀರು, 10 ಕಿಲೋ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ನೆರಳಲ್ಲಿ ಎರಡು ದಿನ ಇಟ್ಟು ಕೋಲಿನಿಂದ ತಿರುವುತ್ತಿರಬೇಕು. ಇದು ಒಂದು ಎಕರೆಗೆ. ಬೆಲ್ಲ, ಹಿಟ್ಟು ತಿಂದು ಸಗಣಿಯ ಸೂಕ್ಷ್ಮಜೀವಿಗಳು ಹೆಚ್ಚುತ್ತವೆ ಎಂಬುದು ಇದರ ತತ್ತ್ವ.

ಈಗ ನಮ್ಮ ಕಸುಬಿನ ಲೆಕ್ಕ. ಹಸಿ ಸಗಣಿಯಲ್ಲಿ ಸಾರಜನಕ ನೂರಕ್ಕೆ ಅರ್ಧದಷ್ಟು ಅಂತಿಟ್ಟುಕೊಂಡರೆ 10 ಕಿಲೋಗೆ 50 ಗ್ರಾಂ. ಗಂಜಲದಲ್ಲಿ ನೂರಕ್ಕೆ ಒಂದು ಅಂದರೆ 100 ಗ್ರಾಂ. ಹಿಟ್ಟಿನಲ್ಲಿ ಸುಮಾರು 70 ಗ್ರಾಂ. ಎಷ್ಟು ಧಾರಾಳವಾಗಿ ಕೂಡಿದರೂ ಒಂದು ಡ್ರಮ್ಮಿಗೆ ಕಾಲು ಕಿಲೋ ದಾಟುವುದಿಲ್ಲ. ಆದರೆ 45 ಕಿಲೋ ಯೂರಿಯಾ ಮೂಟೆಯಲ್ಲಿ ನೂರಕ್ಕೆ 46ರಂತೆ 20 ಕಿಲೋ ಮೇಲೆ ಸಾರಜನಕ ಇರುತ್ತದೆ. ಅಂದರೆ ಜೀವಾಮೃತ ಗೊಬ್ಬರವಾಗಿ ಯೂರಿಯಾದ ಜಾಗ ತುಂಬುವ ಮಾತೇ ಇಲ್ಲ. ಅದರಿಂದ ಬೆಳೆ ಬಂದಿದ್ದರೆ ಬೇರೆ ಕಾರಣವಿರಬೇಕು: ಮಣ್ಣಿನ ಜೀವಿಗಳ ಕೆಲಸವಿರಬಹುದು, ಜೊತೆಗೆ ಬಿತ್ತಿದ ಅಲಸಂದೆ ಅವರೆಗಳು ಬೇರಿನಲ್ಲಿ ಹಿಡಿದಿಟ್ಟ ಸಾರಜನಕವಿರಬಹುದು, ನೆಲಕ್ಕೆ ಹೊದಿಸಿದ ಹುಲ್ಲು ಉಳಿಸಿದ ತೇವವಿರಬಹುದು, ಹಿಂದಿನ ವರ್ಷಗಳ ಗೊಬ್ಬರದ ಉಳಿಕೆಯೂ ಇರಬಹುದು. ಇವೆಲ್ಲ ಒಟ್ಟಿಗೆ ಇರುವಾಗ ಯಶಸ್ಸನ್ನು ಡ್ರಮ್ಮಿನ ಖಾತೆಗೇ ಬರೆಯುವುದು ಸರಿಯಲ್ಲ. ಹಾಗಂತ ಇದೆಲ್ಲ ಬೊಗಳೆ ಅನ್ನುವುದೂ ಅಷ್ಟೇ ಅವಸರದ ಮಾತು. ಎರಡೂ ಕಡೆಯವರು ಪರೀಕ್ಷೆಗೆ ಮುಂಚೆಯೇ ರಿಸಲ್ಟು ಹಾಕಿಬಿಡುತ್ತಾರೆ.

ಪರೀಕ್ಷೆ ಮಾಡುವುದು ಹೇಗೆ? ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿ 1843ರಿಂದ ಒಂದೇ ಹೊಲದಲ್ಲಿ ಗೋಧಿಯ ಪ್ರಯೋಗ ನಡೆದು ಬಂದಿದೆ. ಒಂದು ಪಟ್ಟಿಗೆ ಕೊಟ್ಟಿಗೆ ಗೊಬ್ಬರ, ಬೇರೆ ಪಟ್ಟಿಗಳಿಗೆ ರಾಸಾಯನಿಕ, ಒಂದು ಪಟ್ಟಿಗೆ ಏನೂ ಇಲ್ಲ. ಆ ಏನೂ ಹಾಕದ ಪಟ್ಟಿಯೇ ಪ್ರಯೋಗದ ಜೀವಾಳ. ಉಳಿದದ್ದನ್ನೆಲ್ಲ ಅದರ ಜೊತೆ ಹೋಲಿಸಬೇಕು. ಮುಂದೆ ಅಲ್ಲೇ ಕೆಲಸ ಮಾಡಿದ ರೊನಾಲ್ಡ್ ಫಿಶರ್ ಇನ್ನೆರಡು ಸಂಗತಿ ಸೇರಿಸಿದರು: ಒಂದೇ ಪ್ರಯೋಗವನ್ನು ನಾಲ್ಕಾರು ಪಟ್ಟಿಗಳಲ್ಲಿ ಮತ್ತೆ ಮತ್ತೆ ಮಾಡಬೇಕು, ಯಾವ ಪಟ್ಟಿಗೆ ಏನು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು. ಇಲ್ಲದಿದ್ದರೆ ಬಾವಿ ಪಕ್ಕದ ತಂಪು ನೆಲವನ್ನು ನಮಗೆ ಬೇಕಾದ ಗೊಬ್ಬರಕ್ಕೇ ಕೊಟ್ಟುಬಿಡುತ್ತೇವೆ. ಮುಂದಿನ ಬೆಂಚಿನವರಿಗೆ ಮಾತ್ರ ಹೊಸ ನೋಟ್ಸು ಕೊಟ್ಟು, ನೋಟ್ಸು ಒಳ್ಳೆಯದು, ಅವರು ಪಾಸಾದರು ಅಂದ ಹಾಗೆ.

ಇಲ್ಲೊಂದು ವಾಣಿಜ್ಯದ ಸ್ವಾರಸ್ಯವಿದೆ. ರಾಥಮ್‌ಸ್ಟೆಡ್ ಪ್ರಯೋಗ ಶುರುಮಾಡಿದ ಜಾನ್ ಲಾಸ್ 1842ರಲ್ಲಿ ಸೂಪರ್ ಫಾಸ್ಫೇಟ್ ಗೊಬ್ಬರಕ್ಕೆ ಪೇಟೆಂಟು ಪಡೆದು ಕಾರ್ಖಾನೆ ಹಾಕಿದವರು. ಗೊಬ್ಬರ ಮಾರಿದ ಲಾಭ ಪ್ರಯೋಗಕ್ಕೆ ಹೋಯಿತು. ಮಾರಲು ಸರಕಿದ್ದಾಗ ಸಂಶೋಧನೆಗೆ ದುಡ್ಡು ತಾನಾಗಿ ಹುಟ್ಟುತ್ತದೆ. ಸಗಣಿ ಬೆಲ್ಲದ ನೀರಿಗೆ ಪೇಟೆಂಟು ಯಾರು ಕೊಡುತ್ತಾರೆ? ಮನೆಯಲ್ಲೇ ಮಾಡಿಕೊಳ್ಳುವುದೇ ಅದರ ಗುಣ. ಅದೇ ಕಾರಣಕ್ಕೆ ಅದನ್ನು ಪರೀಕ್ಷಿಸಲು ಯಾವ ಕಂಪನಿಯೂ ಕೈ ಹಾಕುವುದಿಲ್ಲ. ರಾಗಿಯ ಕತೆಯೂ ಇಂಥದ್ದೇ. ರಾಗಿ ತನ್ನ ಹೂವಿನಲ್ಲೇ ಪರಾಗಸ್ಪರ್ಶವಾಗುವ ಬೆಳೆ; ಒಮ್ಮೆ ಕೊಂಡ ಬೀಜವನ್ನು ರೈತ ವರ್ಷ ವರ್ಷ ತಾನೇ ಎತ್ತಿಟ್ಟುಕೊಳ್ಳಬಹುದು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ 'ಇಂಡಾಫ್' ತಳಿಗಳನ್ನು ತಂದದ್ದು ಸರ್ಕಾರದ ದುಡ್ಡಿನಲ್ಲಿ. ಜನ ಅವರನ್ನು ರಾಗಿ ಬ್ರಹ್ಮ ಅಂದರು. ಮಾರುಕಟ್ಟೆಗೇ ಬಿಟ್ಟಿದ್ದರೆ ಆ ತಳಿಗಳು ಹುಟ್ಟುತ್ತಿರಲಿಲ್ಲ ಎಂದೇ ನನ್ನ ಅನಿಸಿಕೆ.

ಕೃಷಿ ಕಾಲೇಜಿನವರು ಕೊನೆಯ ವರ್ಷ ಹಳ್ಳಿಯಲ್ಲಿದ್ದು ಕಾರ್ಯಾನುಭವ ಪಡೆಯುತ್ತಾರೆ. ಆಂಧ್ರದ ಸಂಸ್ಥೆಯವರು ಪುಲಿವೆಂದುಲದ ತಮ್ಮ ಅಕಾಡೆಮಿಯ ಮೂಲಕ ಯುವ ರೈತರನ್ನೇ 'ರೈತ ವಿಜ್ಞಾನಿ'ಗಳಾಗಿ ತಯಾರು ಮಾಡುವ ಕೋರ್ಸು ನಡೆಸುತ್ತಿದ್ದಾರೆ. ಈ ಎರಡೂ ಕಡೆ ಒಬ್ಬ ವಾಣಿಜ್ಯದ ವಿದ್ಯಾರ್ಥಿಗೆ ಜಾಗವಿರಬೇಕು ಎಂಬುದು ನನ್ನ ವಾದ. ಯಾಕೆಂದರೆ 'ಶೂನ್ಯ ಬಂಡವಾಳ' ಎಂಬ ಮಾತೇ ಲೆಕ್ಕ ಗೊತ್ತಿಲ್ಲದವರನ್ನು ದಾರಿ ತಪ್ಪಿಸುತ್ತದೆ. ಪಾಳೇಕರ್ ಹೇಳಿದ್ದು ಖರ್ಚೇ ಇಲ್ಲವೆಂದಲ್ಲ, ಮುಖ್ಯ ಬೆಳೆಯ ಖರ್ಚು ಅಕ್ಕಡಿ ಬೆಳೆಯ ಆದಾಯದಲ್ಲಿ ಹುಟ್ಟಬೇಕೆಂದು. ಹಸು ಮನೆಯದೇ ಇರಬಹುದು, ಮೇವು ಬಿಟ್ಟಿ ಬರುತ್ತದೆಯೆ? ಡ್ರಮ್ಮು ತಿರುವಿ, ಬಿಂದಿಗೆ ಹೊತ್ತು ಹೊಲಕ್ಕೆ ಹೊಯ್ಯುವ ಹೆಂಗಸರ ಕೂಲಿ? ಬೆಂಬಲ ಬೆಲೆ ಶಿಫಾರಸು ಮಾಡುವ ಆಯೋಗದವರು ಮನೆಯವರ ದುಡಿಮೆಗೂ ಬೆಲೆ ಕಟ್ಟಿ 'ಎ2 ಕೂಡಿಸು ಎಫ್‌ಎಲ್' ಎಂಬ ಲೆಕ್ಕ ಮಾಡುತ್ತಾರೆ; ಸ್ವಂತ ಭೂಮಿಯ ಗೇಣಿ, ಸ್ವಂತ ಬಂಡವಾಳದ ಬಡ್ಡಿ ಸೇರಿದರೆ ಅದು 'ಸಿ2'. ಜೀವಾಮೃತಕ್ಕೂ ಇದೇ ಪಟ್ಟಿ ಹಾಕಬೇಕು. ಆಗ ಯೂರಿಯಾದ ಖಾತೆಯಲ್ಲಿ ಸರ್ಕಾರ ಹೊರುವ ಸಬ್ಸಿಡಿಯನ್ನೂ ಬರೆಯಬೇಕು. ಒಂದು ಕಡೆ ಮಾತ್ರ ಪ್ರಾಮಾಣಿಕತೆ ಆಗದು.

ಕಂಪನಿಗಳಿಗೆ ಲೆಕ್ಕಪತ್ರ ಮಾನದಂಡ 26 ಹೇಳುವುದೇನೆಂದರೆ, ಸಂಶೋಧನೆಯ ಹಂತದ ಖರ್ಚನ್ನು ಆಯಾ ವರ್ಷದ ಲಾಭ ನಷ್ಟದ ಖಾತೆಗೇ ಹಾಕಿ. ಸರಕು ಕೆಲಸ ಮಾಡುತ್ತದೆ, ಮುಂದೆ ಆದಾಯ ತರುತ್ತದೆ ಎಂದು ತೋರಿಸಲು ಸಾಧ್ಯವಾದ ಮೇಲಿನ ಅಭಿವೃದ್ಧಿ ಖರ್ಚನ್ನು ಆಸ್ತಿ ಅನ್ನಬಹುದು. ರೈತನಿಗೆ ಈ ಅನುಕೂಲ ಎಲ್ಲಿದೆ? ಒಂದು ಎಕರೆಗೆ 40 ಗುಂಟೆ. ಎಂಟು ಕ್ವಿಂಟಾಲ್ ರಾಗಿ ಬರುವ ಹೊಲವೆಂದು ಇಟ್ಟುಕೊಳ್ಳಿ. ಗುಂಟೆಗೆ 20 ಕಿಲೋ ಆಯಿತು. ಹೋಲಿಕೆಗೆಂದು ಎರಡು ಗುಂಟೆಗೆ ಏನೂ ಹಾಕದೆ ಬಿಟ್ಟು, ಅಲ್ಲಿ ಇಳುವರಿ ಅರ್ಧಕ್ಕೆ ಇಳಿದರೆ ನಷ್ಟ 20 ಕಿಲೋ. ಇದು ಕಂಪನಿಗೆ ಕಣ್ಣಿಗೆ ಬೀಳದ ಮೊತ್ತ. ಮನೆಯಲ್ಲಿ ಮುದ್ದೆ ತೊಳೆಸುವವರಿಗೆ ಅಲ್ಲ. ಏನೂ ಹಾಕದ ಪಟ್ಟಿಯನ್ನು ರೈತರು ಬಿಡದಿರುವುದಕ್ಕೆ ಕಾರಣ ಅಜ್ಞಾನ ಎಂದು ನಾನು ನಂಬುವುದಿಲ್ಲ.

ಮುಂದಿನ ಎನ್ನೆಸ್ಸೆಸ್ ಶಿಬಿರದಲ್ಲಿ ರಸ್ತೆ ಗುಡಿಸುವುದರ ಜೊತೆಗೆ ಇದೊಂದನ್ನು ಮಾಡಬಹುದು. ಒಪ್ಪುವ ಒಬ್ಬ ರೈತರಿಗೆ ಆ 20 ಕಿಲೋ ರಾಗಿಯ ಬೆಲೆಯನ್ನು ಬಿತ್ತನೆಗೆ ಮೊದಲೇ ಕೈಗೆ ಕೊಟ್ಟು, ಪಟ್ಟಿಗಳನ್ನು ಚೀಟಿ ಎತ್ತಿ ಗುರುತು ಮಾಡಿ, ವಿಜ್ಞಾನದವರು ಮಣ್ಣು ನೋಡಿಕೊಳ್ಳಲಿ, ನಾವು ದಿನದ ಕೂಲಿ ಸಮೇತ ಕ್ಯಾಷ್‌ಬುಕ್ ಬರೆಯೋಣ. ಕಟಾವಿನ ದಿನ ತೂಕ ಹಾಕುವಾಗ ಎರಡೂ ವಿಭಾಗದವರು ತಕ್ಕಡಿ ಹತ್ತಿರವೇ ಇರಬೇಕು.