ಖಂಡಿತಾ ನಾಯಿಕೆಯೂ ಯಶೋಧರನೂ: ವಂಚಿತರ ಮಾನವಿಚಾರ

೧

ದಂಪತಿಗಳಲ್ಲಿ ಒಬ್ಬರು ಮತ್ತೊಬ್ಬರಿಗೆ ದ್ರೋಹವೆಸಗಿದಾಗ ವಂಚಿತರಾದವರಿಗೆ ಒದಗುವ ನಷ್ಟವು ಎರಡು ಬಗೆಯದು. ಜೊತೆಗಾರರು ಕೈಬಿಟ್ಟುದರಿಂದ ಉಂಟಾಗುವ ಏಕಾಕಿತನವೊಂದು. ತನ್ನ ಯೋಗ್ಯತೆಯ ವಿಷಯದಲ್ಲಿ ತನಗಿದ್ದ ನಂಬಿಕೆಯೇ ಕದಲುವ ಮಾನಭಂಗವೊಂದು. ಮೊದಲನೆಯದು ಲೋಕದ ಕಣ್ಣಿಗೆ ಬೀಳುತ್ತದೆ, ಎರಡನೆಯದು ಬೀಳುವುದಿಲ್ಲ. ಆದಕಾರಣ ಮೊದಲನೆಯದಕ್ಕೆ ಸಾಂತ್ವನ ಹೇಳುವವರು ಹಲವರು, ಎರಡನೆಯದನ್ನು ಅರಿಯುವವರು ಕೆಲವರೇ. ಈ ಎರಡು ನಷ್ಟಗಳನ್ನು ನಮ್ಮ ಪೂರ್ವಿಕರು ಹೇಗೆ ಕಂಡರು, ಅವಕ್ಕೆ ಪರಿಹಾರವೇನೆಂದು ಬಗೆದರು, ಎಂಬುದನ್ನು ಅಲಂಕಾರಶಾಸ್ತ್ರ, ಕಾವ್ಯ, ಧರ್ಮಶಾಸ್ತ್ರಗಳಿಂದ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಇದು ಕೇವಲ ಪಾಂಡಿತ್ಯದ ವಿಷಯವಲ್ಲ. ಪಾಠಶಾಲೆಗಳಲ್ಲಿ ಖಂಡಿತಾ ನಾಯಿಕೆಯ ಪ್ರಕರಣವನ್ನು ಶೃಂಗಾರದ ಒಂದು ವಿನೋದವೆಂಬಂತೆ ಬೋಧಿಸುವುದು ರೂಢಿಯಾಗಿದೆ. ಕೇಳುವ ವಿದ್ಯಾರ್ಥಿಗಳಲ್ಲಿ ಆ ದುಃಖವನ್ನು ತಮ್ಮ ಮನೆಯಲ್ಲಿಯೇ ಕಂಡವರು ಇರಬಹುದು. ಅವರಿಗೆ ಆ ಪಾಠವು ನೆರವಾಗುವುದೋ, ಗಾಯದ ಮೇಲೆ ಬರೆಯಾಗುವುದೋ ಎಂಬುದು ಅಧ್ಯಾಪಕರ ವಿವೇಚನೆಯನ್ನು ಅವಲಂಬಿಸಿದೆ.

೨

ಭರತಮುನಿಯು ನಾಯಿಕೆಯರ ಎಂಟು ಅವಸ್ಥೆಗಳನ್ನು ಹೇಳಿದ್ದಾನೆ: ವಾಸಕಸಜ್ಜೆ, ವಿರಹೋತ್ಕಂಠಿತೆ, ಸ್ವಾಧೀನಭರ್ತೃಕೆ, ಕಲಹಾಂತರಿತೆ, ಖಂಡಿತೆ, ವಿಪ್ರಲಬ್ಧೆ, ಪ್ರೋಷಿತಭರ್ತೃಕೆ, ಅಭಿಸಾರಿಕೆ. ಇವರಲ್ಲಿ ಖಂಡಿತೆಯ ಲಕ್ಷಣವು ವಿಚಾರಾರ್ಹವಾಗಿದೆ. ಭರತನ ಮತದಲ್ಲಿ, ಬರಬೇಕಾದ ವೇಳೆಗೆ ಪ್ರಿಯನು ಅನ್ಯಾಸಕ್ತಿಯಿಂದ ಬಾರದಿರಲು ದುಃಖಪಡುವವಳು ಖಂಡಿತೆ. ಹತ್ತನೆಯ ಶತಮಾನದ ಧನಂಜಯನಾದರೋ, ತನ್ನ ದಶರೂಪಕದಲ್ಲಿ, ಪ್ರಿಯನ ಅನ್ಯಸಂಗವು ತಿಳಿದುಬಂದಾಗ ಈರ್ಷ್ಯೆಯಿಂದ ಕಲುಷಿತಳಾದವಳೇ ಖಂಡಿತೆಯೆನ್ನುತ್ತಾನೆ. ಒಂದರಲ್ಲಿ ದುಃಖಕ್ಕೆ ಕಾರಣ ಅವನು ಬಾರದಿರುವುದು. ಮತ್ತೊಂದರಲ್ಲಿ ಅವಳಿಗೆ ತಿಳಿದದ್ದು. ಮೇಲೆ ಹೇಳಿದ ಎರಡು ನಷ್ಟಗಳಿಗೆ ಈ ಎರಡು ಲಕ್ಷಣಗಳು ಸರಿಯಾಗಿ ಹೊಂದುತ್ತವೆ. ಬಾರದವನು ನಾಳೆ ಬಂದಾನು. ಆದರೆ ತಿಳಿದದ್ದು ತಿಳಿಯದೆ ಹೋಗದು. ಖಂಡಿತೆಯೆಂಬ ಪದದ ಅರ್ಥವೇ ತುಂಡಾದವಳು ಎಂದು.

ಇಂತಹ ನಾಯಿಕೆಯ ವರ್ತನೆಯನ್ನು ಶಾಸ್ತ್ರಕಾರರು ಧೀರೆ, ಅಧೀರೆ, ಧೀರಾಧೀರೆಯೆಂದು ವಿಂಗಡಿಸಿದರು. ಮಧ್ಯಾ ನಾಯಿಕೆಯ ವಿಷಯದಲ್ಲಿ ಹೇಳುವುದಾದರೆ, ಧೀರೆಯು ವಕ್ರೋಕ್ತಿಯಿಂದಲೂ, ಅಧೀರೆಯು ಪರುಷವಾಕ್ಯದಿಂದಲೂ, ಧೀರಾಧೀರೆಯು ಕಣ್ಣೀರೊಡನೆ ಕೂಡಿದ ಮಾತಿನಿಂದಲೂ ತನ್ನ ನೋವನ್ನು ತಿಳಿಸುವಳು. ಅವಳ ಈರ್ಷ್ಯಾಮಾನವನ್ನು ಕಳೆಯುವುದಕ್ಕೆ ಸಾಮ, ಭೇದ, ದಾನ, ನತಿ, ಉಪೇಕ್ಷೆ, ರಸಾಂತರಗಳೆಂಬ ಆರು ಉಪಾಯಗಳುಂಟು. ಕನ್ನಡದಲ್ಲಿ ಕವಿಕಾಮನ ಶೃಂಗಾರರತ್ನಾಕರ, ಸಾಳ್ವನ ರಸರತ್ನಾಕರ ಮುಂತಾದ ಗ್ರಂಥಗಳು ಈ ಶಾಸ್ತ್ರಮಾರ್ಗವನ್ನೇ ಕನ್ನಡಿಗರಿಗೆ ಒದಗಿಸಿಕೊಟ್ಟವು.

ಇಲ್ಲಿ ಒಂದು ಅಂಶವನ್ನು ಗಮನಿಸತಕ್ಕದ್ದು. ಈ ಆರು ಉಪಾಯಗಳೂ ತಪ್ಪು ಮಾಡಿದವನ ಕೈಯಲ್ಲಿರುವ ಉಪಾಯಗಳು. ಅವನು ಸಮಾಧಾನ ಹೇಳಬಹುದು, ಸಖಿಯರನ್ನು ತನ್ನ ಪಕ್ಷಕ್ಕೆ ಸೆಳೆಯಬಹುದು, ಒಡವೆ ಕೊಡಬಹುದು, ಕಾಲಿಗೆ ಬೀಳಬಹುದು, ಅಲಕ್ಷಿಸಬಹುದು, ಭಯವನ್ನೋ ಹರ್ಷವನ್ನೋ ಉಂಟುಮಾಡಿ ಮನಸ್ಸನ್ನು ಬೇರೆಡೆಗೆ ತಿರುಗಿಸಬಹುದು. ಅವಳು ತನಗಾಗಿ ತಾನು ಏನು ಮಾಡಿಕೊಳ್ಳಬಹುದೆಂಬುದನ್ನು ಈ ಪಟ್ಟಿಯು ಹೇಳುವುದಿಲ್ಲ. ರಸನಿಷ್ಪತ್ತಿಯೇ ಶಾಸ್ತ್ರದ ಪ್ರಯೋಜನವಾದುದರಿಂದ ಇದು ದೋಷವಲ್ಲ. ಆದರೆ ಜೀವನಕ್ಕೆ ಈ ಪಟ್ಟಿಯೇ ಸಾಕೆಂದು ಬಗೆಯುವುದು ದೋಷ. ಮಾನವು ಕಳೆಯಬೇಕಾದ ಒಂದು ವಿಘ್ನವೆಂಬುದು ಇಲ್ಲಿಯ ದೃಷ್ಟಿ. ವಂಚಿತರ ಪಾಲಿಗೆ ಮಾನವೆಂಬುದು ಉಳಿದಿರುವ ಏಕಮಾತ್ರ ಆಸ್ತಿಯಾಗಿರಬಹುದು.

ಕಾಳಿದಾಸನು ಈ ಕೊರತೆಯನ್ನು ಬಲ್ಲವನಾಗಿದ್ದನೆಂದು ತೋರುತ್ತದೆ. ಮಾಲವಿಕಾಗ್ನಿಮಿತ್ರದ ಇರಾವತಿಯು ಕಾಲಿಗೆ ಬಿದ್ದ ಅರಸನನ್ನು ಲಕ್ಷಿಸದೆ ಹೊರಟುಹೋಗುತ್ತಾಳೆ. ವಿಕ್ರಮೋರ್ವಶೀಯದ ಔಶೀನರಿಯೂ ಮೊದಲು ಹಾಗೆಯೇ ಹೋದವಳು, ಬಳಿಕ ತಾನಾಗಿ ಬಂದು ಪ್ರಿಯಾನುಪ್ರಸಾದನವ್ರತವನ್ನು ಕೈಕೊಳ್ಳುತ್ತಾಳೆ. ಇದನ್ನು ಶರಣಾಗತಿಯೆಂದು ಹೇಳುವವರುಂಟು. ಆದರೆ ಅರಸನ ನತಿಗೆ ಮಣಿಯದವಳು ತನ್ನ ನಿಶ್ಚಯಕ್ಕೆ ಮಾತ್ರ ಮಣಿದಳೆಂಬ ಅಂಶವನ್ನು ಮರೆಯಲಾಗದು. ಫಲವು ಇಂದಿನವರಿಗೆ ಒಪ್ಪಿಗೆಯಾಗದಿರಬಹುದು; ನಿರ್ಣಯವು ಅವಳದೇ ಆಗಿತ್ತೆಂಬುದರಲ್ಲಿ ಸಂಶಯವಿಲ್ಲ.

೩

ಶಾಸ್ತ್ರದಲ್ಲಿ ನಾಯಕನನ್ನು ಅನುಕೂಲ, ದಕ್ಷಿಣ, ಶಠ, ಧೃಷ್ಟನೆಂದು ನಾಲ್ಕು ಬಗೆಯಾಗಿ ಹೇಳಿರುವುದು ಅವನು ಸ್ತ್ರೀಯರಲ್ಲಿ ನಡೆದುಕೊಳ್ಳುವ ರೀತಿಯನ್ನನುಸರಿಸಿ. ವಂಚಿತನಾದ ನಾಯಕನಿಗೆ ಖಂಡಿತೆಯಂತೆ ಒಂದು ಹೆಸರು ದಶರೂಪಕದಲ್ಲಿ ಇಲ್ಲ. ಆ ಸ್ಥಾನವನ್ನು ಕನ್ನಡದಲ್ಲಿ ತುಂಬಿದವನು ಜನ್ನ. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದ ಈತನು ೧೨೦೯ರಲ್ಲಿ ಯಶೋಧರಚರಿತೆಯನ್ನು ರಚಿಸಿದನು. ಸೋಮದೇವಸೂರಿ, ವಾದಿರಾಜ ಮುಂತಾದವರು ಸಂಸ್ಕೃತದಲ್ಲಿ ಹೇಳಿದ್ದ ಜೈನಕಥೆಯನ್ನು ನಾಲ್ಕು ಅವತಾರಗಳಲ್ಲಿ, ಬಹುಮಟ್ಟಿಗೆ ಕಂದಪದ್ಯಗಳಲ್ಲಿ ಅಡಕಮಾಡಿದ ಕಾವ್ಯವಿದು.

ಉಜ್ಜಯಿನಿಯ ಅರಸು ಯಶೋಧರ. ಅವನ ರಾಣಿ ಅಮೃತಮತಿ. ಇರುಳಿನಲ್ಲಿ ಕೇಳಿಬಂದ ಮಾವಟಿಗನ ಗಾನಕ್ಕೆ ರಾಣಿಯು ಮನಸೋತಳು. ಆ ಅಷ್ಟಾವಂಕನು ವಿಕಾರರೂಪನೆಂದು ದೂತಿಯು ಬಂದು ಹೇಳಿದರೂ ಅವಳ ಮನಸ್ಸು ತಿರುಗಲಿಲ್ಲ. ಒಂದು ರಾತ್ರಿ ಅರಸನು ಅವಳನ್ನು ಹಿಂಬಾಲಿಸಿ, ತಡವಾಗಿ ಬಂದಳೆಂದು ಮಾವಟಿಗನು ಅವಳನ್ನು ಹೊಡೆಯುವುದನ್ನೂ ಅವಳು ಅದನ್ನು ಸಹಿಸುವುದನ್ನೂ ಕಣ್ಣಾರೆ ಕಂಡನು; ಎತ್ತಿದ ಕತ್ತಿಯನ್ನು ತಡೆದುಕೊಂಡನು. ಮರುದಿನ ವಿನೋದದ ನೆಪದಲ್ಲಿ ನೈದಿಲೆಯಿಂದ ಅವಳನ್ನು ಹೊಡೆದಾಗ ಅವಳು ಮೂರ್ಛೆ ಹೋದಳು. ಇದು ಧೀರಾನಾಯಿಕೆಯ ವಕ್ರೋಕ್ತಿಯ ಕ್ರಮವೇ ಅಲ್ಲದೆ ಬೇರಲ್ಲ: ನೋವನ್ನು ನೇರವಾಗಿ ಆಡದೆ ಸರಸದ ಮರೆಯಲ್ಲಿ ಚುಚ್ಚುವುದು. ಶಾಸ್ತ್ರವು ಸ್ತ್ರೀಗೆ ಹೇಳಿದ ಅವಸ್ಥೆಯನ್ನು ಕವಿಯು ಪುರುಷನಲ್ಲಿ ಕಂಡು, ಮಾನಭಂಗದ ನೋವಿಗೆ ಸ್ತ್ರೀಪುರುಷಭೇದವಿಲ್ಲವೆಂದು ತೋರಿಸಿದ್ದಾನೆ.

ಮುಂದಿನ ಘಟ್ಟವು ಇನ್ನೂ ಮುಖ್ಯವಾದದ್ದು. ಮಗನ ಮೋರೆ ಬಾಡಿರುವುದನ್ನು ಕಂಡು ತಾಯಿ ಚಂದ್ರಮತಿಯು ಕಾರಣ ಕೇಳಿದಳು. ಅರಸನು ನಿಜವನ್ನು ಹೇಳಲಾರದೆ ದುಃಸ್ವಪ್ನವನ್ನು ಕಂಡೆನೆಂದನು. ಸ್ವಪ್ನಕ್ಕೆ ಶಾಂತಿಯಾಗಬೇಕೆಂದು ತಾಯಿ ಪ್ರಾಣಿಬಲಿಯನ್ನು ಸೂಚಿಸಿದಳು, ಮಗನು ಒಪ್ಪಲಿಲ್ಲ, ಕಡೆಗೆ ಹಿಟ್ಟಿನ ಕೋಳಿಯನ್ನು ಬಲಿಕೊಡುವುದೆಂದು ಗೊತ್ತಾಯಿತು. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗಿತು. ಬಳಿಕ ಅಮೃತಮತಿಯು ತಾಯಿಮಕ್ಕಳಿಬ್ಬರಿಗೂ ವಿಷವಿಕ್ಕಿದಳು. ಸಂಕಲ್ಪಹಿಂಸೆಯ ಫಲವಾಗಿ ಅವರು ನವಿಲು ನಾಯಿ ಮೊದಲಾದ ಹಲವು ಜನ್ಮಗಳಲ್ಲಿ ತೊಳಲಿದರು.

ಈ ಕಾವ್ಯವನ್ನು ಅಹಿಂಸೆಯ ದೃಷ್ಟಾಂತವೆಂದು ಓದುವುದು ಸರಿಯಾದ ಮಾರ್ಗವೇ. ಸ್ತ್ರೀಚಾಪಲ್ಯದ ನಿಂದೆಯೆಂದು ಓದುವುದು ರೂಢಿಯಲ್ಲಿದ್ದರೂ ಅಷ್ಟರಿಂದ ಕಾವ್ಯದ ಅರ್ಥವು ಮುಗಿಯುವುದಿಲ್ಲ. ವಂಚಿತರ ಮಾನವಿಚಾರದಲ್ಲಿ ಇದರಿಂದ ಮೂರು ಅಂಶಗಳು ಹೊರಡುತ್ತವೆ.

ಮೊದಲನೆಯದು ಹೋಲಿಕೆಯ ವಿಷಯ. ವಂಚಿತರಾದವರನ್ನು ಸುಡುವ ಪ್ರಶ್ನೆಯೆಂದರೆ, ನನ್ನಲ್ಲಿ ಏನು ಕಡಮೆಯಾಗಿತ್ತು, ಎಂಬುದು. ಯಶೋಧರನಿಗೆ ರೂಪ, ರಾಜ್ಯ, ಪ್ರೀತಿ ಯಾವುದರಲ್ಲಿಯೂ ಕಡಮೆಯಿರಲಿಲ್ಲ. ಅಷ್ಟಾವಂಕನಿಗೆ ಕಂಠವೊಂದನ್ನುಳಿದು ಏನೂ ಇರಲಿಲ್ಲ. ಕವಿಯು ಪ್ರತಿಸ್ಪರ್ಧಿಯನ್ನು ಹೀಗೆ ಚಿತ್ರಿಸಿದ್ದರಿಂದ ತಕ್ಕಡಿಯೇ ಮುರಿದುಹೋಗುತ್ತದೆ. ಒಬ್ಬರ ಒಲವು ಎತ್ತ ಹರಿಯಿತೆಂಬುದು ಮತ್ತೊಬ್ಬರ ಯೋಗ್ಯತೆಗೆ ಪ್ರಮಾಣವಲ್ಲ. ಪ್ರಮಾಣವಲ್ಲದ್ದನ್ನು ಪ್ರಮಾಣವೆಂದು ಹಿಡಿದರೆ ಆತ್ಮಗೌರವವು ಎಂದಿಗೂ ಮರಳದು.

ಎರಡನೆಯದು ಮೌನದ ವಿಷಯ. ಅರಸನು ಕತ್ತಿಯನ್ನು ತಡೆದದ್ದು ವಿವೇಕ. ಆದರೆ ಸತ್ಯವನ್ನೂ ಅದರೊಡನೆ ತಡೆದುಬಿಟ್ಟನು. ಕೇಳಿದವಳು ಹೆತ್ತ ತಾಯಿ, ಅವಳಿಗೂ ಹೇಳಲಾಗಲಿಲ್ಲ. ಹಾದರವನ್ನು ನಡೆಸಿದವರು ಬೇರೆಯವರಾದರೂ ನಾಚಿಕೆಯನ್ನು ಹೊತ್ತವನು ಇವನು. ಏಕಾಕಿತನವು ಆರಂಭವಾದದ್ದು ಅಮೃತಮತಿಯು ಹಾಸಿಗೆಯಿಂದೆದ್ದು ಹೋದಾಗಲ್ಲ, ಸ್ವಪ್ನದ ಸುಳ್ಳನ್ನು ಹೇಳಿದಾಗ. ಸುಳ್ಳಾದ ರೋಗವನ್ನು ಹೇಳಿದವನಿಗೆ ದೊರೆತ ಮದ್ದೂ ಸುಳ್ಳಾದದ್ದೇ: ಹಿಟ್ಟಿನ ಕೋಳಿ. ಒಳಗಿನ ಕ್ರೋಧವು ಮಾತ್ರ ನಿಜವಾದುದರಿಂದ ಹಿಟ್ಟೂ ಕೂಗಿತು. ಗಿರೀಶ ಕಾರ್ನಾಡರು ೧೯೮೦ರ ಹಿಟ್ಟಿನ ಹುಂಜ ನಾಟಕದಲ್ಲಿ ಈ ಕಥೆಯನ್ನೇ ಮತ್ತೆ ಕೈಗೆತ್ತಿಕೊಂಡದ್ದು ಅದರ ಸತ್ತ್ವವು ಕುಂದಿಲ್ಲವೆಂಬುದಕ್ಕೆ ಸಾಕ್ಷಿ.

ಮೂರನೆಯದು ಕಥನದ ವಿಷಯ. ಈ ವೃತ್ತಾಂತವೆಲ್ಲ ಕಾವ್ಯದಲ್ಲಿ ಹೊರಬೀಳುವುದು ಅಭಯರುಚಿಯೆಂಬ ಬಾಲಕನ ಬಾಯಿಂದ. ಹಿಂದೆ ಯಶೋಧರನಾಗಿದ್ದವನು ಅವನೇ. ಚಂಡಮಾರಿಯ ಗುಡಿಯಲ್ಲಿ, ತನ್ನನ್ನು ಬಲಿಕೊಡಲು ನಿಂತ ಮಾರಿದತ್ತನ ಎದುರಿನಲ್ಲಿ, ಅವನು ಒಂದನ್ನೂ ಮರೆಮಾಚದೆ ನುಡಿಯುತ್ತಾನೆ. ಒಂದು ಜನ್ಮದಲ್ಲಿ ತಾಯಿಗೂ ಹೇಳಲಾರದೆ ಹೋದದ್ದನ್ನು ಮತ್ತೊಂದು ಜನ್ಮದಲ್ಲಿ ಅಪರಿಚಿತ ಅರಸನಿಗೆ ನಿರ್ಭಯವಾಗಿ ಹೇಳುತ್ತಾನೆ; ಕೇಳಿದವನು ಹಿಂಸೆಯನ್ನು ಬಿಡುತ್ತಾನೆ. ಮಾನವು ಮರಳಿತೆಂಬುದಕ್ಕೆ ಇದಕ್ಕಿಂತ ಬೇರೆ ಲಕ್ಷಣವು ಬೇಕಿಲ್ಲ.

೪

ಆತ್ಮಗೌರವವು ಮನಸ್ಸಿನ ಸಂಗತಿಯಾದರೂ ಅದಕ್ಕೆ ನೆಲೆಯಾಗಿ ಅನ್ನವಸ್ತ್ರಗಳು ಬೇಕು. ಇದನ್ನು ಧರ್ಮಶಾಸ್ತ್ರಕಾರರು ಮರೆಯಲಿಲ್ಲ. ಯಾಜ್ಞವಲ್ಕ್ಯಸ್ಮೃತಿಯ ಪ್ರಕಾರ, ಮಾತಿನಂತೆ ನಡೆಯುವ, ದಕ್ಷಳೂ ಪುತ್ರವತಿಯೂ ಪ್ರಿಯವಾದಿನಿಯೂ ಆದ ಹೆಂಡತಿಯನ್ನು ಬಿಟ್ಟವನಿಂದ ಅವನ ಧನದ ಮೂರನೆಯ ಒಂದು ಭಾಗವನ್ನು ಅವಳಿಗೆ ಕೊಡಿಸತಕ್ಕದ್ದು. ಧನವಿಲ್ಲದವನು ಜೀವನಾಂಶ ಕೊಡತಕ್ಕದ್ದು. ಮತ್ತೊಬ್ಬಳನ್ನು ಮದುವೆಯಾದರೆ, ಸ್ತ್ರೀಧನವನ್ನು ಪಡೆಯದಿದ್ದ ಮೊದಲನೆಯವಳಿಗೆ ಆಧಿವೇದನಿಕವೆಂಬ ದ್ರವ್ಯವು ಸಲ್ಲುತ್ತದೆ; ಪಡೆದವಳಿಗೆ ಅದರ ಅರ್ಧ. ಈ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (೧೦೭೬–೧೧೨೬) ಕಲ್ಯಾಣದಲ್ಲಿದ್ದವನು, ಕನ್ನಡನಾಡಿನವನೇ. ಅಲಂಕಾರಶಾಸ್ತ್ರವು ದಾನವನ್ನು ಮಾನಭಂಜನದ ಉಪಾಯವೆಂದಿತು. ಧರ್ಮಶಾಸ್ತ್ರವು ಅದನ್ನು ಹಕ್ಕೆಂದಿತು. ಒಡವೆಯನ್ನು ಪಡೆದು ಮುನಿಸು ಬಿಡುವುದಕ್ಕೂ, ಪಾಲನ್ನು ಪಡೆದು ತನ್ನ ಕಾಲಮೇಲೆ ನಿಲ್ಲುವುದಕ್ಕೂ ಅಂತರವಿದೆ.

ಆಧುನಿಕ ನ್ಯಾಯವು ಈ ಹಾದಿಯಲ್ಲಿ ಇನ್ನೂ ಮುಂದೆ ಸಾಗಿದೆ. ೧೮೬೦ರ ದಂಡಸಂಹಿತೆಯ ೪೯೭ನೆಯ ವಿಧಿಯಲ್ಲಿ ವ್ಯಭಿಚಾರದ ದೂರು ಗಂಡನಿಗೆ ಸೇರಿದ್ದಾಗಿತ್ತು. ವಂಚಿತಳಾದ ಹೆಂಡತಿಗೆ ಆ ಅಧಿಕಾರವಿರಲಿಲ್ಲ. ಹೆಂಡತಿಯನ್ನು ಗಂಡನ ಸ್ವತ್ತೆಂಬಂತೆ ಕಂಡ ಆ ವಿಧಿಯನ್ನು ಸರ್ವೋಚ್ಚ ನ್ಯಾಯಾಲಯವು ೨೦೧೮ರ ಸೆಪ್ಟೆಂಬರ್ ೨೭ರಂದು ಅಸಿಂಧುವೆಂದು ತೀರ್ಮಾನಿಸಿತು. ೧೯೫೫ರ ಹಿಂದೂ ವಿವಾಹ ಕಾಯಿದೆಯಂತೆ ದಂಪತಿಗಳಲ್ಲಿ ಯಾರಿಗಾದರೂ ವ್ಯಭಿಚಾರವು ವಿಚ್ಛೇದನಕ್ಕೆ ಕಾರಣವಾಗಬಲ್ಲದು. ಕರ್ನಾಟಕದಲ್ಲಿ ೧೯೯೪ರಿಂದಲೂ, ದೇಶದಲ್ಲೆಲ್ಲ ೨೦೦೫ರಿಂದಲೂ, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಂತೆಯೇ ಪಾಲುಂಟು.

೫

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯು ಈ ವಿಚಾರಕ್ಕೆ ಹೊರಗಾದುದಲ್ಲ. ತುರುವೇಕೆರೆ, ಅರಳಗುಪ್ಪೆ, ವಿಘ್ನಸಂತೆಗಳ ಹೊಯ್ಸಳ ದೇವಾಲಯಗಳು ಜನ್ನನು ಬಾಳಿದ ಶತಮಾನದ ಕೃತಿಗಳು. ಭಾರತೀಯ ಕಾವ್ಯಮೀಮಾಂಸೆಯನ್ನು ಕನ್ನಡಿಗರಿಗೆ ತಿಳಿಗನ್ನಡದಲ್ಲಿ ಕೊಟ್ಟ ತೀ. ನಂ. ಶ್ರೀಕಂಠಯ್ಯನವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಇಲ್ಲಿಯ ತೋಟಗಳಲ್ಲಿ ಪಾಲೆಂದರೆ ಮರಗಳ ಲೆಕ್ಕ. ತವರಿಗೆ ಮರಳಿದ ಮಗಳಿಗೆ ಒಂದು ಕೋಣೆ ಮಾತ್ರ ದೊರೆತರೆ ಅವಳು ಅತಿಥಿ. ಹತ್ತು ಮರಗಳು ದೊರೆತರೆ ಅವಳು ಒಡತಿ. ಕಾನೂನಿನ ಪಾಲು ಕಾಗದದಲ್ಲಿದ್ದರೂ ಅಣ್ಣತಮ್ಮಂದಿರ ಮುಂದೆ ಅದನ್ನು ಕೇಳಲು ನಾಲಗೆ ಏಳದಿರುವುದೂ ಯಶೋಧರನ ಮೌನದ ಜಾತಿಗೇ ಸೇರಿದ್ದು.

ರಾಗಿಯ ಸೀಮೆಯೂ ಆದ ಈ ನಾಡಿನಲ್ಲಿ, ಗಿರಣಿಗಳು ಬರುವುದಕ್ಕೆ ಮುಂಚೆ, ಬೀಸುವ ಕಲ್ಲಿನ ಮುಂದೆ ಇಬ್ಬರು ಹೆಂಗಸರು ಎದುರುಬದುರಾಗಿ ಕುಳಿತು ಹಾಡುತ್ತಿದ್ದರು. ಸವತಿಯ ಸಂಕಟವೂ ತವರಿನ ಹಂಬಲವೂ ಬೀಸುವ ಪದಗಳಿಗೆ ವಸ್ತುವಾಗಿದ್ದವು. ಹೇಳಿಕೊಳ್ಳಲಾಗದ್ದನ್ನು ಹಾಡಿನ ನೆಪದಲ್ಲಿ ಹೇಳಿಕೊಳ್ಳುವುದಕ್ಕೂ, ಕೇಳಿದವಳು ಕಲ್ಲಿನ ಗೂಟಕ್ಕೆ ತನ್ನ ಕೈಯನ್ನೂ ಸೇರಿಸುವುದಕ್ಕೂ ಅಲ್ಲಿ ಅವಕಾಶವಿತ್ತು. ಶಾಸ್ತ್ರದ ಆರು ಉಪಾಯಗಳಲ್ಲಿ ಕಾಣದ ಉಪಾಯವಿದು: ಮಾತು, ಜೊತೆ, ಕೈತುಂಬ ಕೆಲಸ. ಕಲ್ಲು ಮೂಲೆ ಸೇರಿದ ಮೇಲೆ ಆ ಜೊತೆಯನ್ನು ಬೇರೆ ರೂಪದಲ್ಲಿ ಒದಗಿಸಬೇಕಾದದ್ದು ನೆರೆಹೊರೆಯವರ, ಗೆಳತಿಯರ, ಅಧ್ಯಾಪಕರ ಹೊಣೆ.

ಕಾಲದ ವಿಷಯದಲ್ಲಿ ಈ ಸೀಮೆಯವರೆಲ್ಲ ಬಲ್ಲ ದೃಷ್ಟಾಂತವೊಂದುಂಟು. ಉಂಡೆಕೊಬ್ಬರಿಗಾಗಿ ಬಲಿತ ಕಾಯನ್ನು ಸಿಪ್ಪೆಸಹಿತವಾಗಿ ಅಟ್ಟದ ಮೇಲೆ ಹಲವು ತಿಂಗಳು ಇಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಕರಟವನ್ನು ತಾನಾಗಿ ಬಿಟ್ಟು, ಅಲುಗಿಸಿದರೆ ಸದ್ದಾದಾಗ ಮಾತ್ರ ಸುಲಿದು ಒಡೆಯುತ್ತಾರೆ. ಅವಸರದಿಂದ ಒಡೆದರೆ ತಿರುಳು ಕರಟಕ್ಕೆ ಅಂಟಿಕೊಂಡೇ ಚೂರಾಗುತ್ತದೆ. ದ್ರೋಹವನ್ನು ಕಂಡ ರಾತ್ರಿಯೇ ಕ್ಷಮೆಯನ್ನಾಗಲಿ ವಿಚ್ಛೇದನವನ್ನಾಗಲಿ ವೈರಾಗ್ಯವನ್ನಾಗಲಿ ನಿಶ್ಚಯಿಸಬೇಕೆಂದು ವಂಚಿತರನ್ನು ಒತ್ತಾಯಿಸುವವರು ಇದನ್ನು ನೆನೆಯುವುದು ಒಳ್ಳೆಯದು. ಆದರೆ ಕಾಯುವುದೆಂದರೆ ಪೆಟ್ಟನ್ನು ಸಹಿಸಿಕೊಂಡಿರುವುದೆಂದು ಅರ್ಥವಲ್ಲ. ಅಟ್ಟದ ಮೇಲಿನ ಕಾಯಿಗೂ ಮಳೆ ತಾಗದ ಸೂರು ಬೇಕು.

ಆದುದರಿಂದ ಖಂಡಿತೆಯ ಲಕ್ಷಣವನ್ನು ಬೋಧಿಸುವಾಗ ಭರತ ಧನಂಜಯರ ಭೇದವನ್ನು ತೋರಿಸಿ, ಆರು ಉಪಾಯಗಳು ಯಾರ ಕೈಯಲ್ಲಿವೆಯೆಂದು ವಿದ್ಯಾರ್ಥಿಗಳನ್ನು ಕೇಳುವುದು ಉಚಿತ. ಯಶೋಧರಚರಿತೆಯನ್ನು ಬೋಧಿಸುವಾಗ, ತಾಯಿಯ ಪ್ರಶ್ನೆಗೆ ಮಗನು ನಿಜವನ್ನೇ ನುಡಿದಿದ್ದರೆ ಏನಾಗುತ್ತಿತ್ತೆಂದು ಕೇಳುವುದು ಉಚಿತ. ಉತ್ತರವನ್ನು ತರಗತಿಯಲ್ಲಿ ಗಟ್ಟಿಯಾಗಿ ಹೇಳಬೇಕಾದ ಅಗತ್ಯವಿಲ್ಲ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮನೆಗೆ ಹೋಗುವವರು ಒಬ್ಬರಿದ್ದರೂ ಆ ಪಾಠವು ಸಾರ್ಥಕವಾದಂತೆಯೇ.