ಸೈಕಲ್ ಸವಾರರಿಗೆ ಹೃದಯ ಬಡಿತದ ಮಾಪಕ

ಮಣ್ಣಗುಡ್ಡದಿಂದ ಕೊಟ್ಟಾರ ಚೌಕಿ, ಕೂಳೂರು ದಾಟಿ ಪಣಂಬೂರಿನತ್ತ ವ್ಯಾಯಾಮಕ್ಕೆಂದು ಸೈಕಲ್ ತುಳಿಯುವವರು ಹೃದಯ ಬಡಿತದ ಮಾಪಕ ಕೊಳ್ಳುವುದಾದರೆ ಎದೆಗೆ ಕಟ್ಟುವ ಪಟ್ಟಿಯೇ ಉತ್ತಮ. ಕೈಗೆ ಕಟ್ಟುವ ಸಾಧನ ಚರ್ಮದ ಮೇಲೆ ಬೆಳಕು ಹಾಯಿಸಿ ಬಡಿತ ಎಣಿಸುತ್ತದೆ. ಹ್ಯಾಂಡಲ್ ಹಿಡಿದ ಕೈ ಅದುರಿದಾಗ ಲೆಕ್ಕ ತಪ್ಪಬಹುದು. ಎದೆಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಗ್ರಹಿಸುತ್ತದೆ. ಅದರ ಒಳಬದಿಯನ್ನು ಒದ್ದೆ ಮಾಡಿ, ಜಾರದಂತೆ ಕಟ್ಟಿಕೊಳ್ಳಿ.

ಕರಾವಳಿಯ ಸೆಕೆಯಲ್ಲಿ ಬೆವರು ಧಾರಾಳ. ಬೆವರಿನ ಉಪ್ಪು ಪಟ್ಟಿಯನ್ನು ಕೆಡಿಸುತ್ತದೆ, ಚರ್ಮಕ್ಕೆ ತುರಿಕೆಯನ್ನೂ ತರಬಹುದು. ಮನೆಗೆ ಬಂದೊಡನೆ ಮಾಪಕವನ್ನು ಬಿಡಿಸಿಟ್ಟು, ಪಟ್ಟಿಯನ್ನು ತೊಳೆದು ನೆರಳಲ್ಲಿ ಒಣಗಿಸಿ. ಒದ್ದೆ ಪಟ್ಟಿಯಲ್ಲೇ ಬಿಟ್ಟರೆ ಸೆಲ್ ಬೇಗ ಮುಗಿಯುತ್ತದೆ.

ಹಲವು ಮಾಪಕಗಳಲ್ಲಿ ನಾಣ್ಯದಾಕಾರದ ಸೆಲ್ ಇರುತ್ತದೆ. ಅದು ಮಕ್ಕಳ ಕೈಗೆ ಸಿಗದಿರಲಿ. ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

220ರಿಂದ ವಯಸ್ಸನ್ನು ಕಳೆದರೆ ಗರಿಷ್ಠ ಬಡಿತದ ಅಂದಾಜು ಸಿಗುತ್ತದೆ. 45 ವರ್ಷದವರಿಗೆ ಅದು 175. ಸಾಧಾರಣ ವ್ಯಾಯಾಮದಲ್ಲಿ ಬಡಿತ ನಿಮಿಷಕ್ಕೆ 112ರಿಂದ 133ರೊಳಗಿದ್ದರೆ ಸಾಕು. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ಸೇವಿಸುವವರಿಗೆ ಈ ಲೆಕ್ಕ ಹೊಂದದು, ವೈದ್ಯರನ್ನು ಕೇಳಿ. ಎದೆನೋವು, ತಲೆಸುತ್ತು ಬಂದರೆ ಮಾಪಕ ಏನೇ ತೋರಿಸಲಿ, ಸೈಕಲ್ ನಿಲ್ಲಿಸಿ ಕೂಡಲೇ ಚಿಕಿತ್ಸೆ ಪಡೆಯಿರಿ.